ಕಡಲ ದಂತಕಥೆಗಳಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು

ಕಾಡಿನ ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಹೆಜ್ಜೆ ಗುರುತು, ಲದ್ದಿ, ಎಲುಬು, ಉದುರಿದ ಕೂದಲು ಹೀಗೆ ಏನಾದರೊಂದನ್ನು ಬಿಟ್ಟುಹೋಗುತ್ತದೆ. ಅದರ ಜಾಡನ್ನು ಮರುದಿನವೂ ಹಿಡಿಯಬಹುದು. ಕಡಲಿನಲ್ಲಿ ಆ ಅನುಕೂಲವಿಲ್ಲ. ನೀರಿನ ಮೇಲೆ ಒಂದು ಬೆನ್ನು, ಒಂದು ತೋಳು, ಒಂದು ನೆರಳು ಕೆಲವು ಕ್ಷಣ ತೋರಿ ಮರೆಯಾದರೆ, ಉಳಿಯುವುದು ಕಂಡವರ ಮಾತು ಮಾತ್ರ. ದೂರವನ್ನೂ ಗಾತ್ರವನ್ನೂ ಅಂದಾಜು ಮಾಡಲು ಪಕ್ಕದಲ್ಲಿ ಮರವಿಲ್ಲ, ಬಂಡೆಯಿಲ್ಲ. ಹತ್ತಿರದ ಸಣ್ಣ ವಸ್ತು ದೂರದ ಮಹಾಕಾಯವಾಗಿ ಕಾಣುವುದು ಅಲ್ಲಿ ತೀರ ಸಹಜ. ಆದ್ದರಿಂದ ಕಡಲ ದಂತಕಥೆಯೊಂದನ್ನು ಕೇಳಿದಾಗ ಇದು ನಿಜವೋ ಸುಳ್ಳೋ ಎಂದು ಒಂದೇ ಏಟಿಗೆ ತೀರ್ಮಾನಿಸಹೊರಟರೆ ಹೆಚ್ಚೇನೂ ಕೈಗೆ ಹತ್ತುವುದಿಲ್ಲ. ಇದರಲ್ಲಿ ಕಣ್ಣು ಕಂಡದ್ದು ಯಾವುದು, ಮನಸ್ಸು ಸೇರಿಸಿದ್ದು ಯಾವುದು, ಹಾಗೆ ಸೇರಿಸಿದವರು ಹಡಗಿನಲ್ಲಿದ್ದವರೋ ಅಥವಾ ಮುಂದೆ ದಡದಲ್ಲಿ ಕುಳಿತು ಬರೆದವರೋ ಎಂದು ಬಿಡಿಸಿ ಕೇಳಬೇಕು. ಹೀಗೆ ಕೇಳುತ್ತ ಹೋದರೆ ವಿಚಿತ್ರವಾದ ಸಂಗತಿಯೊಂದು ಹೊರಬೀಳುತ್ತದೆ: ಹಳೆಯ ನಾವಿಕರ ಕಥೆಗಳಲ್ಲಿ ನಿಜದ ಪಾಲು ನಾವು ಎಣಿಸುವುದಕ್ಕಿಂತ ಹೆಚ್ಚು, ಪತ್ರಿಕೆ, ಟಿ.ವಿ. ಮತ್ತು ಅಂತರಜಾಲದ ಕಾಲದಲ್ಲಿ ಹುಟ್ಟಿದ ಕಡಲ ರಹಸ್ಯಗಳಲ್ಲಿ ಅದು ಬಹಳ ಕಡಿಮೆ.

ಎಲ್ಲಕ್ಕಿಂತ ಹೆಸರಾದ, ಕ್ರಾಕನ್ ಎಂಬ ಕಡಲ ರಾಕ್ಷಸನ ಕಥೆಯಿಂದಲೇ ತೊಡಗಬಹುದು. ನಾರ್ವೆಯ ಬರ್ಗೆನ್ ನಗರದ ಬಿಷಪ್ ಎರಿಕ್ ಪೊಂಟೊಪ್ಪಿಡಾನ್ ಅವರು 1750ರ ದಶಕದ ಆರಂಭದಲ್ಲಿ ತಮ್ಮ ನಾಡಿನ ನಿಸರ್ಗ ಚರಿತ್ರೆಯನ್ನು ಬರೆದಾಗ, ಮೀನುಗಾರರಿಂದ ಕೇಳಿ ತಿಳಿದ ಈ ಪ್ರಾಣಿಗೆ ಅದರಲ್ಲಿ ಗಂಭೀರವಾದ ಜಾಗವನ್ನೇ ಕೊಟ್ಟರು. ಮೀನುಗಾರರು ಹೇಳಿದ್ದರಲ್ಲಿ ಭಯಕ್ಕಿಂತ ಕಸುಬಿನ ಲೆಕ್ಕಾಚಾರವೇ ಹೆಚ್ಚಾಗಿತ್ತು. 80ರಿಂದ 100 ಮಾರು ಆಳವಿರಬೇಕಾದ ಕಡೆ ದಾರ ಇಳಿಬಿಟ್ಟಾಗ 20–30 ಮಾರಿಗೇ ತಳ ತಾಗಿದರೆ ಕೆಳಗೆ ಕ್ರಾಕನ್ ಇದೆಯೆಂದು ಅವರು ತಿಳಿಯುತ್ತಿದ್ದರು; ಅಂಥ ಜಾಗದಲ್ಲಿ ಮೀನು ರಾಶಿ ರಾಶಿಯಾಗಿ ಸಿಗುವುದರಿಂದ ಕೂಡಲೇ ಓಡಿಹೋಗದೆ ಮೀನು ಹಿಡಿಯುತ್ತಿದ್ದರು; ತಳ ಇನ್ನೂ ಮೇಲೇರುತ್ತಿದೆ ಎನಿಸಿದಾಗ ಮಾತ್ರ ಗಾಳವನ್ನೆಳೆದುಕೊಂಡು ಬಿರುಸಾಗಿ ಹುಟ್ಟುಹಾಕಿ ದೂರ ಸರಿಯುತ್ತಿದ್ದರು. ಮೇಲೆ ಬಂದ ಪ್ರಾಣಿಯ ಬೆನ್ನು ಸಣ್ಣ ಸಣ್ಣ ದ್ವೀಪಗಳ ಗುಂಪಿನಂತೆ ತೋರುತ್ತದೆ, ಅದರ ಸುತ್ತಳತೆ ಒಂದೂವರೆ ಮೈಲಿ ಎಂದು ಬಿಷಪ್ ದಾಖಲಿಸಿದ್ದಾರೆ. ದ್ವೀಪವೆಂದು ನಂಬಿ ಇಳಿದವರು ಒಲೆ ಹೊತ್ತಿಸಿದೊಡನೆ ಮುಳುಗಿಬಿಡುವ ಮಹಾಪ್ರಾಣಿಯ ಕಥೆ ಗ್ರೀಕ್, ಅರಬ್ಬಿ, ಐರಿಷ್ ಪರಂಪರೆಗಳಲ್ಲೂ ಇದೆ. ಬಿಷಪ್ಪರ ಕ್ರಾಕನ್‌ನಲ್ಲಿ ಆ ಹಳೆಯ ದ್ವೀಪಕಥೆಯೂ, ಉದ್ದ ತೋಳುಗಳುಳ್ಳ ನಿಜವಾದ ಪ್ರಾಣಿಯೊಂದರ ನೆನಪೂ ಬೆರೆತುಕೊಂಡಿವೆ.

ಆ ತೋಳುಗಳ ಒಡೆಯ ದೈತ್ಯ ಸ್ಕ್ವಿಡ್ ಎಂಬ, ಆಕ್ಟೋಪಸ್‌ನ ಬಳಗಕ್ಕೆ ಸೇರಿದ ಮೆತ್ತನೆ ಮೈಯ ಪ್ರಾಣಿ. ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಯಾಪೆಟಸ್ ಸ್ಟೀನ್‌ಸ್ಟ್ರುಪ್ ಅವರು ದಡಕ್ಕೆ ಬಂದ ಕಳೇಬರವೊಂದರಿಂದ ಉಳಿದ ಗಿಣಿಮೂತಿಯಂಥ ಗಟ್ಟಿ ಕೊಕ್ಕನ್ನು ಪರಿಶೀಲಿಸಿ, ಹಳೆಯ ವರದಿಗಳನ್ನು ಅದರೊಂದಿಗೆ ತಾಳೆ ನೋಡಿ, 1857ರಲ್ಲಿ ಅದಕ್ಕೆ ಆರ್ಕಿಟ್ಯೂಥಿಸ್ ಎಂಬ ವೈಜ್ಞಾನಿಕ ಹೆಸರಿಟ್ಟರು. 1861ರಲ್ಲಿ ಫ್ರಾನ್ಸಿನ ಅಲೆಕ್ಟಾನ್ ಎಂಬ ಯುದ್ಧನೌಕೆ ಟೆನೆರಿಫೆ ದ್ವೀಪದ ಬಳಿ ಇಂಥದೊಂದನ್ನು ಎದುರುಗೊಂಡಿತು. ಗುಂಡು ಹಾರಿಸಿ, ಈಟಿ ಎಸೆದು, ಕೊನೆಗೆ ಹಗ್ಗದ ಕುಣಿಕೆ ಬಿಗಿದು ಮೇಲೆತ್ತಲು ಹೋದಾಗ ಹಗ್ಗ ಮೃದುವಾದ ಮೈಯನ್ನು ಕೊಯ್ದುಕೊಂಡು ಜಾರಿತು. ಬಾಲದ ಕಡೆಯ ತುಂಡು ಮಾತ್ರ ಹಡಗಿನವರ ಕೈಯಲ್ಲಿ ಉಳಿಯಿತು. ಸಂದೇಹಕ್ಕೆ ಎಡೆಯಿಲ್ಲದ ಸಾಕ್ಷ್ಯ ಸಿಕ್ಕಿದ್ದು ನ್ಯೂಫೌಂಡ್‌ಲ್ಯಾಂಡಿನಲ್ಲಿ. 1873ರಲ್ಲಿ ಅಲ್ಲಿನ ಮೀನುಗಾರರ ಬಲೆಗೆ ಬಿದ್ದ ಸ್ಕ್ವಿಡ್ ಒಂದನ್ನು ಪಾದ್ರಿ ಮೋಸೆಸ್ ಹಾರ್ವೆ ಕೊಂಡುಕೊಂಡು, ತಮ್ಮ ಮನೆಯ ಸ್ನಾನದ ತೊಟ್ಟಿಯ ಮೇಲಿನ ಸರಳಿಗೆ ಅದರ ತೋಳುಗಳನ್ನು ಇಳಿಬಿಟ್ಟು ಫೋಟೋ ತೆಗೆಸಿದರು. ಶತಮಾನಗಳ ಕಾಲ ಹಡಗು ಮುಳುಗಿಸುವ ರಾಕ್ಷಸನೆಂದು ಹೆಸರಾಗಿದ್ದ ಪ್ರಾಣಿಯ ಮೊದಮೊದಲ ಚಿತ್ರಗಳಲ್ಲೊಂದು ಬಚ್ಚಲುಮನೆಯ ಸಲಕರಣೆಯ ಮೇಲೆ ಮೂಡಿದ್ದು ಹೀಗೆ.

ಅಷ್ಟಾದರೂ ಅದನ್ನು ಜೀವಂತವಾಗಿ, ಅದರ ನೆಲೆಯಲ್ಲೇ ನೋಡಲು ಮತ್ತೆ 130 ವರ್ಷ ಹಿಡಿಯಿತು. 2004ರ ಸೆಪ್ಟೆಂಬರ್‌ನಲ್ಲಿ ಜಪಾನಿನ ತ್ಸುನೆಮಿ ಕುಬೊಡೆರಾ ಮತ್ತು ಕ್ಯೊಇಚಿ ಮೊರಿ ಅವರು ಒಗಸವಾರ ದ್ವೀಪಗಳ ಬಳಿ ಸುಮಾರು 900 ಮೀಟರ್ ಆಳಕ್ಕೆ ಇಳಿಬಿಟ್ಟ ಕ್ಯಾಮೆರಾ, ಎರೆಗೆ ಎರಗಿದ ಸ್ಕ್ವಿಡ್‌ನ 500ಕ್ಕೂ ಹೆಚ್ಚು ಚಿತ್ರಗಳನ್ನು ಸೆರೆಹಿಡಿಯಿತು. 2012ರಲ್ಲಿ ಆಳದಲ್ಲಿ ಅದರ ಚಲನಚಿತ್ರವೂ ದೊರೆಯಿತು. ಅದಕ್ಕೆ ಕಾರಣವಾದ ಸಾಗರ ವಿಜ್ಞಾನಿ ಎಡಿತ್ ವಿಡರ್ ಅವರ ಉಪಾಯ ಸರಳವಾದದ್ದು: ಅಲ್ಲಿಯವರೆಗೂ ಶೋಧಕರು ಹೊಳೆಯುವ ಬಿಳಿ ದೀಪ, ಗದ್ದಲದ ಯಂತ್ರಗಳೊಂದಿಗೆ ಕತ್ತಲಿಗಿಳಿದು ಪ್ರಾಣಿಗಳನ್ನು ತಾವೇ ಓಡಿಸುತ್ತಿದ್ದರು, ವಿಡರ್ ಅವರು ಆಳದ ಪ್ರಾಣಿಗಳಲ್ಲಿ ಬಹುಪಾಲಿಗೆ ಕಾಣಿಸದ ಕೆಂಪು ಬೆಳಕನ್ನು ಬಳಸಿ, ಆಪತ್ತಿನಲ್ಲಿರುವ ಜೆಲ್ಲಿಮೀನಿನ ಮಿನುಗನ್ನು ಅನುಕರಿಸುವ ನೀಲಿ ದೀಪವನ್ನು ಎರೆಯಾಗಿ ತೂಗುಬಿಟ್ಟರು. ಊಟದ ತಟ್ಟೆಯಷ್ಟು ಅಗಲದ, 27 ಸೆಂಟಿಮೀಟರ್ ವ್ಯಾಸದವರೆಗೂ ಬೆಳೆಯುವ ಕಣ್ಣುಳ್ಳ ಪ್ರಾಣಿಗೆ ಆ ಮಿನುಗು ಸಾಕಾಯಿತು.

ಹಾಗಾದರೆ ಕ್ರಾಕನ್ ಕಥೆಯಲ್ಲಿ ಸೇರಿಸಿದ್ದೆಷ್ಟು? ಈಗ ತಿಳಿದಿರುವಂತೆ ದೈತ್ಯ ಸ್ಕ್ವಿಡ್‌ನ ಹೆಣ್ಣು, ಎರಡು ಉದ್ದ ಬೇಟೆತೋಳುಗಳನ್ನೂ ಸೇರಿಸಿ 12–13 ಮೀಟರ್ ಬೆಳೆಯುತ್ತದೆ. ಹಡಗನ್ನು ಎಳೆದು ಮುಳುಗಿಸುವ ಶಕ್ತಿ ಅದಕ್ಕಿಲ್ಲ. ಅದರ ಮಾಂಸದಲ್ಲಿ ಕಡಲ ನೀರಿಗಿಂತ ಹಗುರವಾದ ಅಮೋನಿಯಂ ಲವಣದ ದ್ರಾವಣ ತುಂಬಿಕೊಂಡಿರುವುದರಿಂದ ಸತ್ತ ಅಥವಾ ಸಾಯುತ್ತಿರುವ ಸ್ಕ್ವಿಡ್ ಮುಳುಗದೆ ಮೇಲಕ್ಕೆ ತೇಲಿಬರುತ್ತದೆ. ನಾವಿಕರು ನೂರಾರು ವರ್ಷ ಕಂಡದ್ದು ಬಹುಮಟ್ಟಿಗೆ ಹೀಗೆ ಕೊನೆಯುಸಿರೆಳೆಯುತ್ತ ತೋಳು ಬಡಿಯುತ್ತಿದ್ದ ಜೀವವನ್ನು; ಅದನ್ನು ಅವರು ದಾಳಿಯೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಗಾತ್ರದ ವಿಷಯದಲ್ಲಿ ಎಡವಿದವರು ನಾವಿಕರಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ಸ್ಪರ್ಮ್ ತಿಮಿಂಗಿಲಗಳು ಈ ಸ್ಕ್ವಿಡ್‌ಗಳನ್ನು ಬೇಟೆಯಾಡುತ್ತವೆ. ಸ್ಕ್ವಿಡ್‌ನ ತೋಳುಗಳ ಮೇಲಿನ ಹೀರುಬಟ್ಟಲುಗಳ ಹಲ್ಲಂಚು ತಿಮಿಂಗಿಲದ ಚರ್ಮದ ಮೇಲೆ ಉಂಗುರದಂಥ ಗಾಯದ ಗುರುತು ಮೂಡಿಸುತ್ತದೆ. ಆ ಉಂಗುರಗಳ ಅಗಲವನ್ನು ಅಳೆದು, ಇಷ್ಟು ದೊಡ್ಡ ಬಟ್ಟಲಿಗೆ ಎಷ್ಟು ದೊಡ್ಡ ಸ್ಕ್ವಿಡ್ ಇರಬೇಕು ಎಂದು ಗುಣಿಸಿ 30 ಮೀಟರ್ ದಾಟಿದ ಲೆಕ್ಕಗಳು ಹುಟ್ಟಿಕೊಂಡವು. ಮರಿಯಾಗಿದ್ದಾಗ ಆದ ಗಾಯ ತಿಮಿಂಗಿಲ ಬೆಳೆದಂತೆ ತಾನೂ ಹಿಗ್ಗುತ್ತದೆ ಎಂಬ ಸಣ್ಣ ಸಂಗತಿ ಆ ಗುಣಾಕಾರದಲ್ಲಿ ಬಿಟ್ಟುಹೋಗಿತ್ತು.

ಕಡಲ ಸರ್ಪದ ಕಥೆ ಇದಕ್ಕಿಂತ ಜಟಿಲ, ಏಕೆಂದರೆ ಅದರ ಹಿಂದೆ ಒಂದೇ ಪ್ರಾಣಿಯಿಲ್ಲ. ರಿಬ್ಬನ್ನಿನಂತೆ ಚಪ್ಪಟೆಯಾದ ಬೆಳ್ಳಿ ಮೈ, ತಲೆಯ ಮೇಲೆ ಕೆಂಪು ಜುಟ್ಟು, 8 ಮೀಟರ್‌ವರೆಗೂ ಉದ್ದವಿರುವ ಓರ್‌ಫಿಶ್ ಸತ್ತು ಮೇಲೆ ತೇಲಿದಾಗ ಅದನ್ನು ಸರ್ಪವಲ್ಲವೆಂದು ನಂಬಿಸುವುದೇ ಕಷ್ಟ. ಸಾಲಾಗಿ ಈಜುವ ಡಾಲ್ಫಿನ್‌ಗಳ ಬೆನ್ನುಗಳು ಒಂದೇ ಉದ್ದ ಮೈಯ ಡುಬ್ಬಗಳಂತೆ ತೋರುತ್ತವೆ. 1848ರಲ್ಲಿ ಬ್ರಿಟನ್ನಿನ ಡೀಡಲಸ್ ಎಂಬ ಯುದ್ಧನೌಕೆಯ ಕ್ಯಾಪ್ಟನ್ ಮತ್ತು ಅಧಿಕಾರಿಗಳು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಕಂಡ ‘ಸರ್ಪ’ದ ವರದಿ ಲಂಡನ್ನಿನಲ್ಲಿ ದೊಡ್ಡ ವಾಗ್ವಾದವನ್ನೇ ಎಬ್ಬಿಸಿತು, ಶರೀರಶಾಸ್ತ್ರಜ್ಞ ರಿಚರ್ಡ್ ಓವನ್ ಅವರು ಅದೊಂದು ದೊಡ್ಡ ಸೀಲ್ ಇರಬೇಕೆಂದರು, ಕ್ಯಾಪ್ಟನ್ ಒಪ್ಪಲಿಲ್ಲ. ಉದ್ದನೆಯ ಚಪ್ಪಟೆ ತಲೆಯನ್ನು ನೀರಿನ ಮೇಲೆ ಚಾಚಿ ಆಹಾರ ಸೋಸುವ ಸೇಯಿ ತಿಮಿಂಗಿಲ ಎಂಬ ಇತ್ತೀಚಿನ ವಿವರಣೆಯೇ ಅವರು ಬರೆಸಿದ ಚಿತ್ರಕ್ಕೆ ಹೆಚ್ಚು ಹೊಂದುತ್ತದೆ. 1734ರಲ್ಲಿ ಗ್ರೀನ್‌ಲ್ಯಾಂಡಿನ ಬಳಿ ಹಾನ್ಸ್ ಎಗೆಡೆ ಎಂಬ ಪಾದ್ರಿ ಕಂಡ ಸರ್ಪದ ‘ಬಾಲ’ವಂತೂ ಕೂಡುವ ಕಾಲದಲ್ಲಿದ್ದ ಗಂಡು ತಿಮಿಂಗಿಲದ ಜನನಾಂಗವಾಗಿರಬಹುದೆಂದು 2005ರಲ್ಲಿ ಸಂಶೋಧಕರು ಪೂರ್ಣ ಗಾಂಭೀರ್ಯದಿಂದಲೇ ಬರೆದರು.

ಈ ಸಾಲಿನಲ್ಲಿ ಹೆಚ್ಚು ಪಾಠ ಕಲಿಸುವ ಪ್ರಸಂಗ ನಡೆದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಗ್ಲೌಸ್ಟರ್‌ನಲ್ಲಿ. 1817ರ ಬೇಸಿಗೆಯಲ್ಲಿ ಅಲ್ಲಿನ ಬಂದರಿನಲ್ಲಿ ಹಲವರು ಒಂದು ದೊಡ್ಡ ಸರ್ಪವನ್ನು ಕಂಡೆವೆಂದರು. ಬಾಸ್ಟನ್ನಿನ ನಿಸರ್ಗಶಾಸ್ತ್ರಜ್ಞರ ಸಂಘವೊಂದು ಸಮಿತಿ ರಚಿಸಿ, ಕಂಡವರಿಂದ ಪ್ರಮಾಣಪೂರ್ವಕ ಹೇಳಿಕೆ ಪಡೆದು, ಎಲ್ಲವನ್ನೂ ಶಿಸ್ತಿನಿಂದ ಬರೆದಿಟ್ಟಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ದಡದ ಬಳಿಯ ಹೊಲವೊಂದರಲ್ಲಿ ಬೆನ್ನಮೇಲೆ ಸಾಲು ಡುಬ್ಬಗಳಿದ್ದ, ಸುಮಾರು ಮೂರಡಿ ಉದ್ದದ ಹಾವೊಂದು ಸಿಕ್ಕಿತು. ಇದು ಮಹಾಸರ್ಪ ಇಟ್ಟ ಮೊಟ್ಟೆಯಿಂದ ಬಂದ ಮರಿಯೇ ಸರಿ ಎಂದು ತೀರ್ಮಾನಿಸಿದ ಸಂಘ, ಹೊಸ ಕುಲ, ಹೊಸ ಪ್ರಭೇದದ ಹೆಸರಿನೊಂದಿಗೆ ಅದನ್ನು ಪ್ರಕಟಿಸಿಯೇಬಿಟ್ಟಿತು. ಸ್ವಲ್ಪ ಕಾಲದಲ್ಲೇ ಅದು ಬೆನ್ನುಮೂಳೆ ವಿಕಾರಗೊಂಡ ಸಾಮಾನ್ಯ ಕಪ್ಪು ಹಾವೆಂದು ತಿಳಿದುಬಂತು. ಬಂದರಿನ ಜನ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಕಥೆಯನ್ನು ಬೆಳೆಸಿದವರು ಪಂಡಿತರು.

ಕಂಡದ್ದು ಕ್ಷಣಿಕವಾದಾಗ ತಪ್ಪುವುದು ಸಹಜ. ಆದರೆ ಕಳೇಬರವೇ ಕಣ್ಣೆದುರು ಬಿದ್ದಿದ್ದಾಗಲೂ ತಪ್ಪುವುದುಂಟು, ಅದಕ್ಕೆ ಕಾರಣ ಬಾಸ್ಕಿಂಗ್ ಶಾರ್ಕ್ ಕೊಳೆಯುವ ರೀತಿ. ಇದು 10 ಮೀಟರ್ ಮೀರಿ ಬೆಳೆಯಬಲ್ಲ, ಬಾಯಿ ತೆರೆದು ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ಸೋಸಿ ತಿನ್ನುವ ಸಾಧು ಪ್ರಾಣಿ. ಶಾರ್ಕ್‌ಗಳಿಗೆ ಎಲುಬಿಲ್ಲ, ಮೃದ್ವಸ್ಥಿ ಮಾತ್ರ. ಸತ್ತ ಮೇಲೆ ಸಡಿಲವಾಗಿ ತೂಗಿಕೊಂಡಿರುವ ದೊಡ್ಡ ಕೆಳದವಡೆಯೂ ಕಿವಿರುಗಳ ಸಮೂಹವೂ ಮೊದಲು ಕಳಚಿ ಬೀಳುತ್ತವೆ. ಉಳಿಯುವುದು ಸಣ್ಣ ತಲೆಬುರುಡೆ ಮತ್ತು ಅದರ ಹಿಂದೆ ಕಡ್ಡಿಯಂತೆ ಚಾಚಿಕೊಂಡ ಬೆನ್ನಕಂಬ. ಅಂದರೆ ನೋಡುವವರ ಕಣ್ಣಿಗೆ ಪುಟ್ಟ ತಲೆ, ಉದ್ದ ಕತ್ತು. ಬೆನ್ನಕಂಬ ಬಾಲದ ಮೇಲಿನ ಹಾಳೆಯೊಳಕ್ಕೆ ಮಾತ್ರ ಸಾಗುವುದರಿಂದ ಕೆಳಹಾಳೆಯೂ ಉದುರಿ, ಬಾಲ ಹಲ್ಲಿಯ ಬಾಲದಂತೆ ಚೂಪಾಗುತ್ತದೆ. ಚರ್ಮ ಹರಿದಾಗ ಈಜುರೆಕ್ಕೆಗಳ ಎಳೆಗಳು ಬಿಚ್ಚಿಕೊಂಡು ಕೂದಲಿನಂತೆ, ಕೇಸರದಂತೆ ಇಳಿಬೀಳುತ್ತವೆ. ಎದುರಿಗಿರುವುದು ಈಗ ಶಾರ್ಕ್ ಅಲ್ಲ. ಡೈನೋಸಾರ್ ಕಾಲದ, ಉದ್ದ ಕತ್ತಿನ ಕಡಲ ಸರೀಸೃಪ ಪ್ಲೀಸಿಯೋಸಾರ್.

1808ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಸಮೂಹದ ಸ್ಟ್ರಾನ್ಸೆಯಲ್ಲಿ ದಡ ಸೇರಿದ ‘ಮೃಗ’ ಇಂಥದೇ. ಅಳೆದವರು 55 ಅಡಿ ಎಂದರು. ಎಡಿನ್‌ಬರೊದ ವಿದ್ವಾಂಸರು ಅದಕ್ಕೆ ಹೊಸ ಹೆಸರನ್ನೂ ಕೊಟ್ಟರು. ಲಂಡನ್ನಿನ ಎವರಾರ್ಡ್ ಹೋಮ್ ಅವರು ಅದರ ಬೆನ್ನುಮೂಳೆಯ ಮಣಿಗಳನ್ನು ನೋಡಿ ಬಾಸ್ಕಿಂಗ್ ಶಾರ್ಕ್ ಎಂದರು. ಉದ್ದದ ತಗಾದೆ ಮಾತ್ರ ಇಂದಿಗೂ ಪೂರ್ತಿ ಬಗೆಹರಿದಿಲ್ಲ. 1977ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ಬಳಿ ಜುಯಿಯೊ ಮಾರು ಎಂಬ ಜಪಾನಿ ಮೀನುಗಾರಿಕೆ ಹಡಗಿನ ಬಲೆಗೆ 10 ಮೀಟರ್ ಉದ್ದದ ಕೊಳೆತ ದೇಹವೊಂದು ಬಿದ್ದಾಗಲೂ ಇದೇ ನಾಟಕ ಮರುಕಳಿಸಿತು. ಹಿಡಿದ ಮೀನು ಕೆಟ್ಟೀತೆಂದು ಹಡಗಿನವರು ಅದನ್ನು ಕಡಲಿಗೇ ಎಸೆದರು, ಆದರೆ ಅದಕ್ಕೆ ಮೊದಲು ಕೆಲವು ಫೋಟೋ ತೆಗೆದು, ಈಜುರೆಕ್ಕೆಯ ಎಳೆಗಳನ್ನು ಕತ್ತರಿಸಿಟ್ಟುಕೊಂಡಿದ್ದರು. ಫೋಟೋಗಳು ಪ್ಲೀಸಿಯೋಸಾರ್ ಎಂದು ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿದವು. ಎಳೆಗಳ ಅಮೈನೊ ಆಮ್ಲಗಳ ಪ್ರಮಾಣ ಬಾಸ್ಕಿಂಗ್ ಶಾರ್ಕ್‌ನ ಎಳೆಗಳೊಂದಿಗೆ ಹೊಂದಿಕೊಂಡಿತು. 2003ರಲ್ಲಿ ಚಿಲಿಯ ದಡಕ್ಕೆ ಬಂದ 13 ಟನ್ನಿನ ಆಕಾರವಿಲ್ಲದ ಮುದ್ದೆಯೂ ಡಿಎನ್‌ಎ ಪರೀಕ್ಷೆಯಲ್ಲಿ ಸ್ಪರ್ಮ್ ತಿಮಿಂಗಿಲದ ಕೊಬ್ಬಿನ ಪದರವೆಂದು ಹೊರಬಿತ್ತು.

ಮತ್ಸ್ಯಕನ್ಯೆಯ ವಿಷಯ ಬೇರೆ. 1493ರ ಜನವರಿಯಲ್ಲಿ ಕೊಲಂಬಸ್ ಕೆರಿಬಿಯನ್ ಕಡಲಿನಲ್ಲಿ ಮೂವರು ಮತ್ಸ್ಯಕನ್ಯೆಯರನ್ನು ಕಂಡು, ಚಿತ್ರದಲ್ಲಿ ಬರೆಯುವಷ್ಟು ಚೆಲುವೆಯರಲ್ಲವೆಂದು ಬರೆದುಕೊಂಡದ್ದು, ಅವು ಮ್ಯಾನಟಿ ಎಂಬ ಸಸ್ಯಾಹಾರಿ ಸಸ್ತನಿಗಳಾಗಿದ್ದದ್ದು ಎಲ್ಲರೂ ಹೇಳುವ ಮಾತು. ಇದರಿಂದ ಮತ್ಸ್ಯಕನ್ಯೆಯ ಕಥೆ ಮ್ಯಾನಟಿಯಿಂದಲೇ ಹುಟ್ಟಿತು ಎನ್ನುವುದು ನನಗೆ ಒಪ್ಪಿಗೆಯಲ್ಲ. ಅರೆಮೀನು ಅರೆಮನುಷ್ಯರ ಶಿಲ್ಪಗಳು ಮೆಸೊಪೊಟೇಮಿಯದಲ್ಲಿ ಕೊಲಂಬಸ್‌ಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದ್ದವು. ಸಿರಿಯಾದ ಅಟಾರ್ಗಟಿಸ್ ದೇವತೆಯನ್ನು ಮೀನಿನ ಬಾಲದೊಂದಿಗೆ ಕಲ್ಪಿಸಿಕೊಂಡದ್ದೂ ಉಂಟು. ಇಲ್ಲಿ ಕಥೆ ಮೊದಲು, ಪ್ರಾಣಿ ಆಮೇಲೆ. ಕೊಲಂಬಸ್ ಮ್ಯಾನಟಿಯನ್ನು ಕಂಡು ಮತ್ಸ್ಯಕನ್ಯೆಯನ್ನು ಊಹಿಸಲಿಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಮತ್ಸ್ಯಕನ್ಯೆಗೆ ಮ್ಯಾನಟಿಯನ್ನು ಹೊಂದಿಸಿದ, ಸರಿಯಾಗಿ ಹೊಂದದಿದ್ದಾಗ ಪ್ರಾಮಾಣಿಕವಾಗಿ ಗೊಣಗಿದ. 1842ರಲ್ಲಿ ಪ್ರದರ್ಶನಗಳ ವ್ಯಾಪಾರಿ ಪಿ. ಟಿ. ಬಾರ್ನಮ್ ನ್ಯೂಯಾರ್ಕ್‌ನಲ್ಲಿ ‘ಫಿಜಿ ಮತ್ಸ್ಯಕನ್ಯೆ’ ಎಂದು ತೋರಿಸಿದ್ದು ಕೋತಿಯ ಮೈಯ ಮೇಲ್ಭಾಗಕ್ಕೆ ಮೀನಿನ ಬಾಲ ಜೋಡಿಸಿದ ವಸ್ತುವನ್ನು. ಅದಕ್ಕೆ ಕಡಲಿನ ಸಾಕ್ಷ್ಯವೇ ಬೇಕಿರಲಿಲ್ಲ. ಏಕಶೃಂಗಿ ಎಂಬ ಒಂಟಿಕೊಂಬಿನ ಕುದುರೆಯ ‘ಕೊಂಬು’ಗಳ ಕಥೆಯೂ ಸುಮಾರಾಗಿ ಹೀಗೆಯೇ, ಅರಮನೆಗಳ ಭಂಡಾರದಲ್ಲಿದ್ದ ಆ ತಿರುಚು ಕೊಂಬುಗಳು ಉತ್ತರ ಧ್ರುವದ ಬಳಿಯ ನಾರ್ವಾಲ್ ತಿಮಿಂಗಿಲದ ಉದ್ದನೆಯ ಹಲ್ಲೆಂದು ಡೆನ್ಮಾರ್ಕಿನ ಓಲೆ ವರ್ಮ್ 1638ರಲ್ಲೇ ತೋರಿಸಿಕೊಟ್ಟರು.

ಪ್ರಾಣಿಗಳನ್ನು ಬಿಟ್ಟು ಕಡಲಿನ ವಿದ್ಯಮಾನಗಳಿಗೆ ಬಂದರೆ, ನಾವಿಕರನ್ನು ನಂಬದೆ ಕೆಟ್ಟ ಎರಡು ಉದಾಹರಣೆಗಳು ಸಿಗುತ್ತವೆ. ಸುತ್ತಲಿನ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಗೋಡೆಯಾಗಿ ಎದ್ದು ಬರುವ ಒಂಟಿ ದೈತ್ಯ ಅಲೆಯ ಬಗ್ಗೆ ಹಡಗಿನವರು ಹೇಳುತ್ತಲೇ ಇದ್ದರು. ಫ್ರೆಂಚ್ ನಾವಿಕ ಡ್ಯೂಮಾನ್ ಡರ್ವಿಲ್ 1826ರ ಪಯಣದಲ್ಲಿ 30 ಮೀಟರ್ ಮೀರಿದ ಅಲೆಗಳನ್ನು ಕಂಡೆನೆಂದಾಗ ವಿಜ್ಞಾನಿ ಫ್ರಾನ್ಸ್ವಾ ಅರಾಗೊ ಬಹಿರಂಗವಾಗಿಯೇ ಗೇಲಿ ಮಾಡಿದರು. ಅಲೆಗಳು ಒಂದರ ಮೇಲೊಂದು ಸರಳವಾಗಿ ಕೂಡಿಕೊಳ್ಳುತ್ತವೆ ಎಂಬ ಹಳೆಯ ಗಣಿತದ ಪ್ರಕಾರ ಅಂಥ ಅಲೆ ಅತಿ ಅಪರೂಪವಾಗಿರಬೇಕಿತ್ತು. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಎಂಬ ಅನಿಲ ವೇದಿಕೆಯಲ್ಲಿ ಕೆಳಮುಖವಾಗಿ ಅಳವಡಿಸಿದ್ದ ಲೇಸರ್ ಮಾಪಕವು, ಸುತ್ತಲಿನ ದೊಡ್ಡ ಅಲೆಗಳ ಸರಾಸರಿ ಎತ್ತರ ಸುಮಾರು 12 ಮೀಟರ್ ಇದ್ದ ಹೊತ್ತಿನಲ್ಲಿ, 25.6 ಮೀಟರ್ ಎತ್ತರದ ಒಂದು ಅಲೆಯನ್ನು ದಾಖಲಿಸಿತು. ಮಾಪಕಕ್ಕೆ ಹೆದರಿಕೆಯಿಲ್ಲ, ಬಡಾಯಿಯಿಲ್ಲ. ವಾದ ಅಲ್ಲಿಗೆ ನಿಂತಿತು. ಬೇರೆ ಬೇರೆ ದಿಕ್ಕಿನ ಅಲೆಗಳು ಅಡ್ಡಹಾಯುವಲ್ಲಿ, ಪ್ರಬಲ ಪ್ರವಾಹಕ್ಕೆ ಅಲೆಗಳು ಎದುರಾಗುವಲ್ಲಿ, ಒಂದು ಅಲೆ ನೆರೆಯ ಅಲೆಗಳ ಶಕ್ತಿಯನ್ನು ಎಳೆದುಕೊಳ್ಳುವಲ್ಲಿ ಇವು ಹುಟ್ಟುತ್ತವೆ ಎಂದು ಈಗ ಪಠ್ಯಪುಸ್ತಕಗಳೇ ಹೇಳುತ್ತವೆ.

ಎರಡನೆಯದು ಹಾಲ್ಗಡಲು. ಅಮಾವಾಸ್ಯೆಯ ಇರುಳಿನಲ್ಲಿ ದಿಗಂತದಿಂದ ದಿಗಂತದವರೆಗೆ ನೀರೆಲ್ಲ ಹಾಲಿನಂತೆ, ಹಿಮದ ಬಯಲಿನಂತೆ ಬೆಳಗಿತೆಂದು ಹಡಗಿನವರು ಶತಮಾನಗಳಿಂದ ಬರೆಯುತ್ತ ಬಂದಿದ್ದರು. ಪುರಾಣದ ಕ್ಷೀರಸಾಗರವನ್ನು ಇದಕ್ಕೆ ಗಂಟುಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಅದಕ್ಕೆ ಆಧಾರವೇನೂ ಇಲ್ಲ. ದಡದಲ್ಲಿ ಅಲೆ ಒಡೆದಾಗ ನೀಲಿಯಾಗಿ ಮಿಂಚುವ ಬೆಳಕು ಬೇರೆ, ಅದು ನೀರು ಕಲಕಿದಾಗ ಮಾತ್ರ ಹೊಳೆಯುವ ಏಕಕೋಶಜೀವಿಗಳದು. ಹಾಲ್ಗಡಲಿನ ಬೆಳಕು ಕಲಕದೆಯೂ ಗಂಟೆಗಟ್ಟಲೆ ಒಂದೇ ಸಮನೆ ಉರಿಯುತ್ತದೆ. 1985ರಲ್ಲಿ ಅರಬ್ಬಿ ಸಮುದ್ರದಲ್ಲಿ ಇಂಥ ನೀರಿನ ನಡುವೆ ಸಾಗಿದ ಸಂಶೋಧನಾ ಹಡಗೊಂದು ತಂದ ಮಾದರಿಗಳಲ್ಲಿ ಬೆಳಕು ಬೀರುವ ವಿಬ್ರಿಯೊ ಬ್ಯಾಕ್ಟೀರಿಯ ಸಿಕ್ಕಿತು. ಈ ಬ್ಯಾಕ್ಟೀರಿಯಗಳು ಬಿಡಿಬಿಡಿಯಾಗಿದ್ದಾಗ ಬೆಳಗುವುದಿಲ್ಲ. ಪರಸ್ಪರ ಸೂಸುವ ರಾಸಾಯನಿಕ ಸಂಕೇತ ಒಂದು ಮಟ್ಟವನ್ನು ಮುಟ್ಟಿ ತಮ್ಮ ಸಂಖ್ಯೆ ಸಾಕಷ್ಟಾಗಿದೆ ಎಂಬುದು ‘ತಿಳಿದಾಗ’ ಎಲ್ಲವೂ ಒಟ್ಟಿಗೆ ಬೆಳಗತೊಡಗುತ್ತವೆ.

1995ರ ಜನವರಿ 25ರ ರಾತ್ರಿ ಸೊಮಾಲಿಯದ ಪೂರ್ವಕ್ಕೆ ಸಾಗುತ್ತಿದ್ದ ಲಿಮಾ ಎಂಬ ವ್ಯಾಪಾರಿ ಹಡಗು ಆರು ಗಂಟೆ ಕಾಲ ಹಾಲ್ಗಡಲಿನಲ್ಲಿ ಪಯಣಿಸಿದ್ದನ್ನು ತನ್ನ ಲಾಗ್ ಪುಸ್ತಕದಲ್ಲಿ ಬರೆದಿತ್ತು. ಅಮೆರಿಕದ ಹವಾಮಾನ ವಿಜ್ಞಾನಿ ಸ್ಟೀವನ್ ಮಿಲ್ಲರ್ ಮತ್ತು ಸಂಗಡಿಗರು ಹಳೆಯ ಉಪಗ್ರಹ ಚಿತ್ರಗಳಲ್ಲಿ ಅದೇ ದಿನ, ಅದೇ ಜಾಗವನ್ನು ಹುಡುಕಿದಾಗ 15,400 ಚದರ ಕಿಲೋಮೀಟರ್ ಅಗಲದ ಬೆಳಕಿನ ಹರಹು ಕಂಡಿತು. ಹಡಗು ಬರೆದ ಸಮಯಕ್ಕೂ ಅದರ ಅಂಚಿಗೂ ತಾಳೆಯಾಯಿತು. ಇದು ಪ್ರಕಟವಾದದ್ದು 2005ರಲ್ಲಿ. 2019ರಲ್ಲಿ ಜಾವಾದ ದಕ್ಷಿಣಕ್ಕೆ ಒಂದು ಲಕ್ಷ ಚದರ ಕಿಲೋಮೀಟರ್ ಮೀರಿದ ಇನ್ನೊಂದು ಹಾಲ್ಗಡಲು ಉಪಗ್ರಹಕ್ಕೆ ಕಂಡಾಗ, ಗಣೇಶ ಎಂಬ ಹಾಯಿದೋಣಿ ಕಾಕತಾಳೀಯವಾಗಿ ಅದರೊಳಗೇ ಇತ್ತು. ಅದರಲ್ಲಿದ್ದವರು ಒಂದು ಬಕೆಟ್ ನೀರು ಸೇದಿ ನೋಡಿದರು: ನೀರಿನಲ್ಲಿ ಒಂದೇ ಸಮನೆ ಬೆಳಗುವ ಚುಕ್ಕೆಗಳಿದ್ದವು, ಕಲಕಿದೊಡನೆ ಅವು ಮಂಕಾದವು. ಮಾಮೂಲಿ ಕಡಲ ಮಿಂಚಿಗೆ ಇದು ಸರಿಯಾಗಿ ತಿರುಗುಮುರುಗು. ಒಂದು ಬಕೆಟ್ಟು ನೀರಿನ ಈ ಸಾಕ್ಷ್ಯವೂ, ನೂರಾರು ಕಿಲೋಮೀಟರ್ ಮೇಲಿನ ಉಪಗ್ರಹವೂ ಒಂದೇ ಪ್ರಬಂಧದಲ್ಲಿ ಅಕ್ಕಪಕ್ಕ ಕೂತಿವೆ.

ಇವುಗಳ ಪಕ್ಕದಲ್ಲಿ, ಹಡಗು ವಿಮಾನಗಳು ಮಾಯವಾಗುತ್ತವೆಂದು ಹೇಳುವ ಅಟ್ಲಾಂಟಿಕ್‌ನ ಬರ್ಮುಡಾ ತ್ರಿಕೋನವನ್ನಿಟ್ಟು ನೋಡಬೇಕು. ಇದು ನಾವಿಕರ ಕಥೆಯೇ ಅಲ್ಲ. 1964ರಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬ ಲೇಖಕ ಪತ್ರಿಕಾ ಬರಹವೊಂದರಲ್ಲಿ ಆ ಹೆಸರನ್ನು ಚಾಲ್ತಿಗೆ ತಂದರು. ಹಿಂದಿನ ಅವಘಡಗಳನ್ನೆಲ್ಲ ಆಮೇಲೆ ಆ ಗೆರೆಗಳೊಳಗೆ ಹೆಕ್ಕಿ ತುಂಬಲಾಯಿತು. ಅವುಗಳಲ್ಲಿ ಮುಖ್ಯವಾದದ್ದು 1945ರ ಡಿಸೆಂಬರ್ 5ರಂದು ಫ್ಲಾರಿಡಾದಿಂದ ತರಬೇತಿಗೆ ಹೊರಟ, 14 ಜನರಿದ್ದ ಅಮೆರಿಕದ ನೌಕಾಪಡೆಯ ಐದು ವಿಮಾನಗಳು ಮರಳದಿರುವುದು. ರೇಡಿಯೊ ಸಂಭಾಷಣೆಯ ದಾಖಲೆ ಹೇಳುವಂತೆ ತಂಡದ ನಾಯಕ ತನ್ನ ದಿಕ್ಸೂಚಿಗಳು ಕೆಟ್ಟಿವೆಯೆಂದು ನಂಬಿ, ತಾನು ಎಲ್ಲಿದ್ದೇನೆಂಬುದನ್ನೇ ತಪ್ಪಾಗಿ ಊಹಿಸಿದ್ದ. ಕತ್ತಲಾಯಿತು, ಕಡಲು ಪ್ರಕ್ಷುಬ್ಧವಾಗಿತ್ತು, ಇಂಧನ ಮುಗಿಯುವ ಹೊತ್ತಾಗಿತ್ತು. ಹುಡುಕಲು ಹೋದ, 13 ಜನರಿದ್ದ ವಿಮಾನವೂ ‘ಮಾಯವಾಯಿತು’ ಎಂದು ಕಥೆ ಹೇಳುತ್ತದೆ. ಆ ಹೊತ್ತಿಗೆ ಅಲ್ಲೇ ಇದ್ದ ತೈಲ ಹಡಗೊಂದು ಬೆಂಕಿಯ ಜ್ವಾಲೆಯನ್ನು ಕಂಡು ವರದಿ ಮಾಡಿತ್ತೆಂಬುದನ್ನು ಬಿಡುತ್ತದೆ. ಲಾರೆನ್ಸ್ ಕುಷೆ ಎಂಬ ಗ್ರಂಥಪಾಲಕರು ಆ ಕಾಲದ ಪತ್ರಿಕೆ, ಹವಾಮಾನ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿ 1975ರಲ್ಲಿ ಬರೆದ ಹಾಗೆ, ‘ಶಾಂತ ಕಡಲಿನಲ್ಲಿ’ ಮುಳುಗಿದವೆಂದ ಹಡಗುಗಳಲ್ಲಿ ಹಲವು ಬಿರುಗಾಳಿಯಲ್ಲಿ ಮುಳುಗಿದ್ದವು, ಕೆಲವು ಬೇರೆಲ್ಲೋ ಮುಳುಗಿದ್ದವು. ಈ ಪಟ್ಟಿಗೆ ಎಷ್ಟೋ ಸಲ ಸೇರಿಸುವ ಮೇರಿ ಸೆಲೆಸ್ಟ್ ಎಂಬ ಹಡಗು 1872ರಲ್ಲಿ ಜನರಿಲ್ಲದೆ ತೇಲುತ್ತ ಸಿಕ್ಕಿದ್ದು ಅಜೋರ್ಸ್ ಮತ್ತು ಪೋರ್ಚುಗಲ್ ನಡುವೆ, ಅಂದರೆ ಅಟ್ಲಾಂಟಿಕ್‌ನ ಇನ್ನೊಂದು ಕಡೆ.

1997ರಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾದ ಹೈಡ್ರೋಫೋನುಗಳು, ಅಂದರೆ ನೀರಿನೊಳಗಿನ ಮೈಕ್ರೊಫೋನುಗಳು, ದಕ್ಷಿಣ ಪೆಸಿಫಿಕ್‌ನಲ್ಲಿ ಹಿಡಿದ ‘ಬ್ಲೂಪ್’ ಸದ್ದಿನದೂ ಇದೇ ಹಾದಿ. 5,000 ಕಿಲೋಮೀಟರ್ ದೂರದ ಉಪಕರಣಗಳಿಗೂ ಕೇಳಿಸಿದ ಆ ಸದ್ದು ತಿಮಿಂಗಿಲಕ್ಕಿಂತ ದೊಡ್ಡ ಪ್ರಾಣಿಯದೆಂಬ ಊಹೆ ಅಂತರಜಾಲದಲ್ಲಿ ಹಬ್ಬಿತು. ಹಿಮಬಂಡೆಗಳು ಬಿರಿಯುವಾಗ, ಒಡೆಯುವಾಗ ಹುಟ್ಟುವ ಸದ್ದಿನ ರೂಪ ಅದೇ ಎಂದು ನೋವಾ ಮುಂದೆ ತಿಳಿಸಿತು. ಜನ ಕೇಳಿ ಬೆಚ್ಚುವ ಧ್ವನಿಮುದ್ರಿಕೆ ಮೂಲಕ್ಕಿಂತ 16 ಪಟ್ಟು ವೇಗದಲ್ಲಿ ಓಡಿಸಿದ್ದು ಎಂಬುದನ್ನು ಹಂಚಿಕೊಳ್ಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಪ್ರಾಣಿಯ ಕೂಗಿನಂತೆ ಅದು ಕೇಳಿಸುವುದಕ್ಕೆ ಆ ವೇಗವೇ ಬಹುಮಟ್ಟಿಗೆ ಕಾರಣ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ವಾದವೊಂದಿದೆ: ಕಡಲನ್ನು ನಾವು ನೋಡಿರುವುದೇ ಅತ್ಯಲ್ಪ, ಆದ್ದರಿಂದ ಅಲ್ಲಿ ಏನೂ ಇರಬಹುದು. ಮೊದಲರ್ಧ ಸರಿ. ಸದ್ದಿನ ಪ್ರತಿಧ್ವನಿಯಿಂದ ಆಳ ತಿಳಿಯುವ ಆಧುನಿಕ ಸೋನಾರ್‌ನಿಂದ ವಿವರವಾಗಿ ಅಳೆದದ್ದು 2025ರ ವೇಳೆಗೆ ಕಡಲತಳದ ಸುಮಾರು 27 ಶೇಕಡಾ ಮಾತ್ರ. ಆಳಸಮುದ್ರದ ತಳದಲ್ಲಿ ಕಣ್ಣಿಂದಲೋ ಕ್ಯಾಮೆರಾದಿಂದಲೋ ನೋಡಿದ ಭಾಗ 0.001 ಶೇಕಡಾದಷ್ಟೂ ಇಲ್ಲವೆಂದು ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ಎರಡನೆಯ ಅರ್ಧ ಮಾತ್ರ ನಿಲ್ಲುವುದಿಲ್ಲ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದ ಮೆಗಲೊಡಾನ್ ಶಾರ್ಕ್ ಆಳದಲ್ಲಿ ಇನ್ನೂ ಬದುಕಿದೆಯೆಂಬ ನಂಬಿಕೆಯನ್ನೇ ತೆಗೆದುಕೊಳ್ಳಿ. ಅದರ ಬೇಟೆ ತಿಮಿಂಗಿಲಗಳು. ಅವು ಉಸಿರಾಡಲು ಮೇಲೆ ಬರಲೇಬೇಕು, ಬೇಟೆಗಾರನೂ ಅವುಗಳ ಹಿಂದೆ ಬರಬೇಕು. ಮೇಲ್ನೀರಿನಲ್ಲಿ ಹುಟ್ಟುವ ಆಹಾರದ ಚಿಕ್ಕ ಅಂಶ ಮಾತ್ರ ತಳ ತಲುಪುವುದರಿಂದ ಆಳದ ಕತ್ತಲು ಅಷ್ಟು ದೊಡ್ಡ ಹೊಟ್ಟೆಯನ್ನು ತುಂಬಲಾರದು. ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಸಿಕ್ಕಿರುವ ಮೆಗಲೊಡಾನ್ ಹಲ್ಲುಗಳೆಲ್ಲ ಕಲ್ಲಾದವು, ಒಂದೂ ಹೊಸದಲ್ಲ. ಬ್ರಿಟನ್ನಿನ ಸಂಶೋಧನಾ ಹಡಗು ಚಾಲೆಂಜರ್ 1870ರ ದಶಕದ ಯಾನದಲ್ಲಿ ತಳದಿಂದೆತ್ತಿದ ಹಲ್ಲುಗಳು ಸುಮಾರು 11ರಿಂದ 24 ಸಾವಿರ ವರ್ಷ ಮಾತ್ರ ಹಳೆಯವೆಂಬ ಲೆಕ್ಕವನ್ನು 1959ರಲ್ಲಿ ಮಾಡಿದ್ದುಂಟು, ಅದು ಅವುಗಳ ಮೇಲಿನ ಮ್ಯಾಂಗನೀಸ್ ಲೇಪದ ದಪ್ಪವನ್ನು ಆಧರಿಸಿದ್ದು. ಆ ಲೇಪ ಎಲ್ಲ ಕಡೆ ಒಂದೇ ವೇಗದಲ್ಲಿ ಕೂಡುವುದಿಲ್ಲವಾದ್ದರಿಂದ ಲೆಕ್ಕ ಬಿದ್ದುಹೋಯಿತು.

ನಿಜವಾಗಿ ಹೊಸದಾಗಿ ಸಿಕ್ಕ ದೊಡ್ಡ ಪ್ರಾಣಿಗಳು ಹೇಗೆ ಸಿಕ್ಕವೆಂಬುದನ್ನು ಈ ಮಾತಿನ ಪಕ್ಕದಲ್ಲಿಡಬೇಕು. ದೈತ್ಯ ಸ್ಕ್ವಿಡ್‌ಗಿಂತಲೂ ಭಾರವಾದ ಕೊಲಾಸಲ್ ಸ್ಕ್ವಿಡ್ ವಿಜ್ಞಾನಕ್ಕೆ ಪರಿಚಯವಾದದ್ದು 1925ರಲ್ಲಿ, ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳಿನ ತುಂಡುಗಳಿಂದ. ಅದರ 30 ಸೆಂಟಿಮೀಟರ್ ಉದ್ದದ ಮರಿಯೊಂದು ತನ್ನ ನೆಲೆಯಲ್ಲಿ ಕ್ಯಾಮೆರಾಗೆ ಕಂಡದ್ದು ಸರಿಯಾಗಿ ನೂರು ವರ್ಷದ ಮೇಲೆ, 2025ರಲ್ಲಿ. ನಾಲ್ಕೂವರೆ ಮೀಟರ್ ಉದ್ದದ ಮೆಗಾಮೌತ್ ಶಾರ್ಕ್ 1976ರಲ್ಲಿ ಹವಾಯಿಯ ಬಳಿ ಅಮೆರಿಕದ ನೌಕಾಪಡೆಯ ಹಡಗೊಂದರ ತೇಲುಲಂಗರಿಗೆ ಸಿಕ್ಕಿಕೊಂಡು ಬಂತು. ಪ್ರಸಿದ್ಧ ದಂತಕಥೆ ಯಾವುದೂ ಅದರತ್ತ ಬೆರಳು ತೋರಿರಲಿಲ್ಲ. ಡೈನೋಸಾರ್‌ಗಳೊಂದಿಗೆ ಅಳಿಯಿತೆಂದುಕೊಂಡಿದ್ದ ಸೀಲಕಾಂತ್ ಮೀನನ್ನು 1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನ ಮೀನಿನ ರಾಶಿಯಲ್ಲಿ ವಸ್ತುಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಗುರುತಿಸಿದರು. ಎರಡನೆಯ ಮೀನಿಗಾಗಿ ಪ್ರೊಫೆಸರ್ ಜೆ. ಎಲ್. ಬಿ. ಸ್ಮಿತ್ ಅವರು ಬಹುಮಾನ ಸಾರಿದ ಚಿತ್ರಪತ್ರಗಳನ್ನು ಹಂಚಿ 14 ವರ್ಷ ಕಾದರು. 1952ರಲ್ಲಿ ಅದು ಕೊಮೊರೊಸ್ ದ್ವೀಪಗಳಲ್ಲಿ ದೊರೆತಾಗ ಅಲ್ಲಿನ ಮೀನುಗಾರರಿಗೆ ಅಚ್ಚರಿಯಾದದ್ದು ಮೀನನ್ನು ಕಂಡಲ್ಲ, ಅದಕ್ಕಾಗಿ ವಿಮಾನವೇರಿ ಬಂದ ಪ್ರೊಫೆಸರನ್ನು ಕಂಡು ಇರಬೇಕು. ಏಕೆಂದರೆ ಅವರಿಗೆ ಅದು ಆಗೊಮ್ಮೆ ಈಗೊಮ್ಮೆ ಗಾಳಕ್ಕೆ ಬೀಳುವ, ತಿನ್ನಲು ಅಷ್ಟೇನೂ ಚೆನ್ನಾಗಿಲ್ಲದ ಗೊಂಬೆಸಾ ಎಂಬ ಮೀನಾಗಿತ್ತು.